ಒನ್ಸ್ ಮೋರ್‌ಗಾಗಿ ಬರೆದ ಆರು ಸಾಲು

ಟಿಕ್...

ಅಷ್ಟು ಸಣ್ಣ ಸದ್ದು. ರಾತ್ರಿ ಒಂದು ಗಂಟೆ ದಾಟಿತ್ತು. ಊರ್ಡಿಗೆರೆಯ ಶಾಲೆ ಮೈದಾನದಲ್ಲಿ ಚಾಪೆ ಹಾಸಿಕೊಂಡು ಪೌರಾಣಿಕ ನಾಟಕ ನೋಡುತ್ತಿದ್ದ ಐನೂರು ಜನರಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.

ಶಶಿರೇಖಾಳ ಕಿವಿಗೆ ಮಾತ್ರ ಬಿತ್ತು.

ಮತ್ತೆ... ಟಿಕ್!

ರಂಗದ ಮೇಲೆ ಅವಳ ಅಪ್ಪ ಪುಟ್ಟರಂಗಯ್ಯ ಕಿರೀಟ ಹೊತ್ತು ನಿಂತಿದ್ದರು. ಹಗಲೆಲ್ಲ ತೆಂಗಿನ ತೋಟದಲ್ಲಿ ನೇಗಿಲು ಹೊಡೆಯುವ ಮನುಷ್ಯ. ವರ್ಷಕ್ಕೆ ಮೂರು ರಾತ್ರಿ ಮಾತ್ರ ಅವರು ರಾಜ. ಪಾತ್ರ ಬದಲಾದಂತೆ ಹಿನ್ನೆಲೆಯ ಶ್ರುತಿಯೂ ಬದಲಾಗುತ್ತಿತ್ತು. ಬದಲಾಗುವ ಆ ಕ್ಷಣದಲ್ಲೇ ಆ ಸದ್ದು.

'ಅಪ್ಪನ ಹಾಡಿನ ಮಧ್ಯೆ ಬಂದುಬಿಟ್ಟರೆ? ಅಪ್ಪ ಬೆಚ್ಚಿ ಸಾಲು ಮರೆತರೆ?'

ಅವಳು ಹಾಗೆಯೇ. ಇನ್ನೂ ಆಗದಿದ್ದಕ್ಕೆ ಮೊದಲೇ ಎದೆ ಬಡಿದುಕೊಳ್ಳುವವಳು. ಕೂರಲಾರದೆ ಎದ್ದು ರಂಗದ ಹಿಂದೆ ಹೋದಳು. ಅಲ್ಲಿ ಗೋಣಿಚೀಲ ಹೊದಿಸಿದ ಕಂಪ್ಯೂಟರ್ ಮುಂದೆ ಒಬ್ಬ ಯುವಕ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ.

"ರೀ... ನಿಮ್ಮ ಸೌಂಡಲ್ಲಿ ಟಿಕ್ ಅಂತ ಬರ್ತಿದೆ."

ಅವನು ಸರಕ್ಕನೆ ತಿರುಗಿದ. "ಏನಂದ್ರಿ?"

"ಶ್ರುತಿ ಬದಲಾಗೋವಾಗ... ಪ್ರತಿ ಸಲ."

ಅವನು ಹೆಡ್‌ಫೋನ್ ತೆಗೆದು ಅವಳನ್ನೇ ನೋಡಿದ. ಬೈಯುತ್ತಾನೇನೋ ಎಂದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಎಂಟು ತಿಂಗಳಿಂದ ಈ ಸದ್ದು ನನ್ನ ನಿದ್ದೆ ಕೆಡಿಸಿದೆ ಕಣ್ರೀ! ಯಾರಿಗೆ ಹೇಳಿದ್ರೂ 'ಅದು ಸ್ಪೀಕರ್‌ನಲ್ಲಿಲ್ಲ ಕಣ್ಲಾ, ನಿನ್ ತಲೇಲಿ ಐತೆ' ಅಂತಾರೆ. ನಿಮಗೆ... ನಿಮಗೆ ನಿಜವಾಗ್ಲೂ ಕೇಳಿಸ್ತಾ?"

ಅವನ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಟಿಕ್ ಸದ್ದಿಗೆ! ಶಶಿರೇಖಾಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವನು ತಿಮ್ಮೇಶ್. ಗುಬ್ಬಿಯವನು. ಸುತ್ತ ಮೂರು ತಾಲ್ಲೂಕಿನ ಹಳ್ಳಿಗರಿಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಜುಂಜಪ್ಪನವರ ಒಬ್ಬನೇ ಮಗ. ಅದು ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲ.

ಅವಳು ಪರದೆಯ ಕಡೆ ಬಗ್ಗಿ ನೋಡಿದಳು. ಪುಟ್ಟ ಪುಟ್ಟ ಪೆಟ್ಟಿಗೆಗಳು. ಒಂದರಿಂದ ಇನ್ನೊಂದಕ್ಕೆ ಗೆರೆಗಳು. ಮೀನಿನ ಬಲೆ ಸಿಕ್ಕುಬಿದ್ದ ಹಾಗಿತ್ತು.

"ಇದು ಪ್ರೋಗ್ರಾಮಾ?"

"ಹ್ಞೂಂ. ಆದ್ರೆ ಬರೆಯೋದಲ್ಲ, ಜೋಡಿಸೋದು. ಈ ಪೆಟ್ಟಿಗೆ ಶಂಖ. ಇದು ಗುಡುಗು. ಗೆರೆ ಎಳೆದ್ರೆ ಸದ್ದು ಹರಿಯುತ್ತೆ. ಪುಕ್ಕಟೆ ಸಾಫ್ಟ್‌ವೇರು. ಆದ್ರೆ 'ಹೀಗಾದ್ರೆ ಹಾಗೆ ಮಾಡು, ಇಲ್ಲದಿದ್ರೆ ಸುಮ್ನಿರು' ಅಂತ ಇದಕ್ಕೆ ಹೇಳೋಕೆ ಹೋದ್ರೆ ನಲವತ್ತು ಗೆರೆ ಬೇಕು. ಅಲ್ಲೇ ಎಡವಟ್ಟಾಗ್ತಿರೋದು."

ಶಶಿರೇಖಾ ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಸ್ವಲ್ಪ ಯೋಚಿಸಿ, ಅಳೆದು ಸುರಿದು ಹೇಳಿದಳು.

"ಗೆರೆ ಎಳೆಯೋ ಬದಲು... ಒಳಗೆ ಬರೆಯೋಕೆ ಆಗೋ ಒಂದು ಪೆಟ್ಟಿಗೆ ಇದ್ರೆ?"

"ಅಂಥದ್ದು ಇದರಲ್ಲಿ ಇಲ್ಲ."

"ಇಲ್ಲ ಅಂದ್ರೆ... ಮಾಡಬಹುದು."

ಹೇಳಿ ಆದಮೇಲೆ ಅವಳಿಗೇ ಭಯವಾಯಿತು. 'ಅಯ್ಯೋ! ಯಾಕೆ ಬಾಯಿಬಿಟ್ಟೆ?'

ಮಾಡುವುದು ಸುಲಭವಿರಲಿಲ್ಲ. ಆ ಸಾಫ್ಟ್‌ವೇರಿಗೆ ಹೊಸ ಪೆಟ್ಟಿಗೆ ಸೇರಿಸಬೇಕಾದರೆ ಸಿ ಭಾಷೆಯಲ್ಲಿ ಬರೆಯಬೇಕು. ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಭಾಷೆಯನ್ನು ಕೂರಿಸಬೇಕು. ಆಗ ಸಿ ಭಾಷೆ ಗೊತ್ತಿಲ್ಲದ ತಿಮ್ಮೇಶನೂ ಅದರಲ್ಲಿ ನಾಲ್ಕು ಸರಳ ಸಾಲು ಬರೆದು ಸದ್ದಿಗೆ ಬುದ್ಧಿ ಹೇಳಬಹುದು.

ಅವಳ ಕ್ಯಾತ್ಸಂದ್ರದ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇತ್ತು, ಫೋನ್ ಇರಲಿಲ್ಲ. ಗುಬ್ಬಿಯಲ್ಲಿ ಅವನಿಗೆ ಫೋನ್ ಇತ್ತು, ಇಂಟರ್ನೆಟ್ ಇರಲಿಲ್ಲ. ಕೊನೆಗೆ ಗುಬ್ಬಿಯಿಂದ ತುಮಕೂರಿಗೆ ಬರುವ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ಲಾಪಿ ಓಡಾಡತೊಡಗಿತು. ಧೂಳು ಹಿಡಿಯದಿರಲಿ ಎಂದು ತಿಮ್ಮೇಶ್ ಅದನ್ನು ಹಳೇ ಲಗ್ನಪತ್ರಿಕೆಯ ಕವರಿನಲ್ಲಿ ಹಾಕಿ ಕಳಿಸುತ್ತಿದ್ದ.

"ಏನ್ ಮೇಡಂ, ವಾರಕ್ಕೆರಡು ಮದುವೆಗೆ ಕರೀತಾವ್ನೆ!" ಕಂಡಕ್ಟರ್ ಹಲ್ಲು ಕಿರಿಯುತ್ತಿದ್ದ. "ಊಟ ಯಾವತ್ತು?"

ಅವಳು ಕೆಂಪಾಗಿ ಕವರ್ ಕಿತ್ತುಕೊಂಡು ಓಡುತ್ತಿದ್ದಳು.

ಆ ಸ್ಕ್ರಿಪ್ಟಿನಲ್ಲಿ ಸಾಲಿನ ಹಿಂದೆ ಎರಡು ಅಡ್ಡಗೀಟು ಹಾಕಿ ಏನಾದರೂ ಬರೆದರೆ ಕಂಪ್ಯೂಟರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಓದುವ ಮನುಷ್ಯನಿಗಾಗಿ ಇರುವ ಟಿಪ್ಪಣಿ. ಶಶಿರೇಖಾ ಎಷ್ಟು ಎಚ್ಚರದವಳೆಂದರೆ ಪ್ರತಿ ಸಾಲಿಗೂ ಟಿಪ್ಪಣಿ ಬರೆಯುತ್ತಿದ್ದಳು. ಇದು ಯಾಕೆ, ಯಾರು ಕೇಳಿದ್ದು, ಯಾವ ದಿನ.

ಮೂರನೇ ಫ್ಲಾಪಿಯಲ್ಲಿ ಅವಳ ಟಿಪ್ಪಣಿಯ ಕೆಳಗೆ ಅವನದೂ ಒಂದು ಸಾಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ.

'ಊಟ ಆಯ್ತಾ?'

ಅವಳು ಎರಡು ದಿನ ಯೋಚಿಸಿ ಉತ್ತರಿಸಿದಳು. 'ಆಯ್ತು.'

ಆರನೇ ಫ್ಲಾಪಿಯಲ್ಲಿ ಅವನು ಬರೆದ. 'ಅಪ್ಪ ಇವತ್ತೂ ಮಾತಾಡಲಿಲ್ಲ. ಹಿಂದಿನಿಂದ ಕರೆದೆ. ಓಗೊಡಲೇ ಇಲ್ಲ. ಹಾರ್ಮೋನಿಯಂ ಕಲೀದೆ ಮಿಷನ್ ಹಿಂದೆ ಬಿದ್ದೆ ಅಂತ ಸಿಟ್ಟು.'

ಅವಳು ಬರೆದಳು. 'ಎದುರಿಗೆ ನಿಂತು ಕರೆಯಿರಿ. ದೊಡ್ಡವರು... ಸಿಟ್ಟು ಮರೆತಿರುತ್ತಾರೆ.'

ಹನ್ನೊಂದನೇ ಫ್ಲಾಪಿಯಲ್ಲಿ, ಗುಡುಗಿನ ಸದ್ದನ್ನು ಮೆಲ್ಲಗೆ ಇಳಿಸುವ ಸಾಲಿನ ಪಕ್ಕ, ಅವನು ಬರೆದದ್ದು ಎರಡೇ ಪದ.

'ನೀನು ಬೇಕು.'

ಶಶಿರೇಖಾ ಆ ದಿನ ಕ್ಲಾಸಿಗೆ ಹೋಗಲಿಲ್ಲ. ಕಂಪ್ಯೂಟರ್ ಮುಂದೆ ಸುಮ್ಮನೆ ಕೂತೇ ಇದ್ದಳು. ಹಾಗೆಯೇ ವಾಪಸ್ ಕಳಿಸಿದ ಫ್ಲಾಪಿಯಲ್ಲಿ ಅವಳು ಏನೂ ಸೇರಿಸಿರಲಿಲ್ಲ. ಆ ಎರಡು ಪದವನ್ನು ಅಳಿಸಿಯೂ ಇರಲಿಲ್ಲ.

ಅವನಿಗೆ ಅಷ್ಟು ಸಾಕಾಗಿತ್ತು.

ನಾಲ್ಕು ತಿಂಗಳಿಗೆ ಬರಹದ ಪೆಟ್ಟಿಗೆ ಸಿದ್ಧವಾಯಿತು. ಮೊದಲು ಅದೇ ಹೊಸ ಟಿಕ್ ತಂದಿತ್ತು! ಸ್ಕ್ರಿಪ್ಟು ತನ್ನೊಳಗೆ ಬೇಡವಾದದ್ದನ್ನೆಲ್ಲ ಒಟ್ಟಿಗೆ ಗುಡಿಸಲು ನಿಂತಾಗ ಸದ್ದು ಒಂದರೆಕ್ಷಣ ಉಸಿರು ಕಟ್ಟುತ್ತಿತ್ತು. ಒಂದೇ ಸಲ ಗುಡಿಸಬೇಡ, ಆಗಾಗ ಚೂರು ಚೂರು ಗುಡಿಸು ಎಂದು ಅವಳು ಅದಕ್ಕೆ ಕಲಿಸಿದಳು. ಆಮೇಲೆ ಶ್ರುತಿ ಹಾಲಿನಂತೆ ಹರಿಯಿತು.

ಅದೇ ಹೊತ್ತಿಗೆ ತಬಲದ ಗುಂಡಯ್ಯನವರ ಕಣ್ಣು ಮಂಜಾಗಿ, ಅವರು ಸಿ.ಎಸ್. ಪುರದ ಮಗಳ ಮನೆ ಸೇರಿದರು. ಮೂವತ್ತು ವರ್ಷ ಮೇಷ್ಟ್ರ ಮಗ್ಗುಲಲ್ಲೇ ಕೂತಿದ್ದ ಜೀವ. ಇನ್ನು ಮೇಲೆ ತಬಲವೂ ಕಂಪ್ಯೂಟರಿನಿಂದಲೇ ಬರಬೇಕಾಯಿತು. ಮೇಷ್ಟ್ರು ಕಾಲಿನಿಂದ ಪೆಡಲ್ ಒತ್ತಿದರೆ ತಬಲ ಶುರು, ಮತ್ತೊಮ್ಮೆ ಒತ್ತಿದರೆ ನಿಲ್ಲುವುದು.

"ಒನ್ಸ್ ಮೋರ್‌ಗೆ ಏನು ಮಾಡೋಣ?" ಶಶಿರೇಖಾ ಒಂದು ಭಾನುವಾರ ಗುಬ್ಬಿಯ ಅವರ ಮನೆಯಲ್ಲಿ ಕೇಳಿದಳು.

ಈ ಕಡೆಯ ನಾಟಕಗಳಲ್ಲಿ ಹಾಡು ಚೆನ್ನಾಗಿದ್ದರೆ ಜನ ಶಿಳ್ಳೆ ಹೊಡೆದು 'ಒನ್ಸ್ ಮೋರ್' ಎಂದು ಕೂಗುತ್ತಾರೆ. ರಂಗದ ಮೇಲೆ ಸತ್ತು ಬಿದ್ದವನೂ ಎದ್ದು ಮತ್ತೆ ಹಾಡಬೇಕು, ಮತ್ತೆ ಸಾಯಬೇಕು!

"ಜನರ ಕಡೆ ತಿರುಗಿಸಿದ ಮೈಕ್ ಹೇಗೂ ಇದೆಯಲ್ಲ," ಅವಳು ಹೇಳಿದಳು. "ಗದ್ದಲ ಎರಡು ಸೆಕೆಂಡ್ ಜೋರಾಗಿದ್ರೆ ತಬಲ ತಾನಾಗೇ ಶುರು ಆಗೋ ಹಾಗೆ..."

"ಬೇಡ." ತಿಮ್ಮೇಶ್ ತಲೆಯಾಡಿಸಿದ. "ಅದೊಂದು ಮಾತ್ರ ಬೇಡ ಶಶಿ. ಜನ ಎಷ್ಟು ಕೂಗಿದ್ರೂ ಕೆಲವು ಸಲ ಅಪ್ಪ ಒನ್ಸ್ ಮೋರ್ ಕೊಡಲ್ಲ. ಕೊಡೋದು ಬಿಡೋದು ಅವರ ಹಕ್ಕು. ಮಿಷನ್ನು ತೀರ್ಮಾನ ಮಾಡಬಾರದು. ಅಪ್ಪ ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ, ಆ ಮರ್ಯಾದೆ ಅವರಿಗೆ ಇರಲಿ."

'ಎಷ್ಟು ಪ್ರೀತಿ ಇವನಿಗೆ ಅಪ್ಪನ ಮೇಲೆ... ಹೇಳಿಕೊಳ್ಳೋಕೆ ಬರಲ್ಲ ಅಷ್ಟೆ!' ಅವಳು ಆ ಸಾಲುಗಳನ್ನು ಬರೆಯಲಿಲ್ಲ.

ಮುಂದಿನ ಭಾನುವಾರ ತಿಮ್ಮೇಶ್ ವೈರ್ ತರಲು ಪೇಟೆಗೆ ಹೋಗಿದ್ದ. ಮಧ್ಯಾಹ್ನ. ಜುಂಜಪ್ಪ ಮೇಷ್ಟ್ರು ಹಾರ್ಮೋನಿಯಂ ಮೇಲೆ ಗಲ್ಲ ಊರಿಕೊಂಡು ನುಡಿಸುತ್ತಿದ್ದರು. ಯಾವಾಗಲೂ ಹಾಗೆಯೇ. ಅದು ಅವರ ಶೈಲಿ ಎಂದು ಎಲ್ಲರೂ ಅಂದುಕೊಂಡಿದ್ದರು.

ಹಾಲಿನ ಲೋಟ ಶಶಿರೇಖಾಳ ಕೈಜಾರಿ ಅವರ ಬೆನ್ನ ಹಿಂದೆಯೇ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಢಣ್!

ಮೇಷ್ಟ್ರು ತಿರುಗಲಿಲ್ಲ.

ಅವಳು ಲೋಟ ಎತ್ತಲಿಲ್ಲ. ಸುತ್ತಿ ಬಂದು ಅವರ ಎದುರು ಕೂತಳು. ಅವರು ಅವಳ ಸೀರೆಗೆ ಸಿಡಿದ ಹಾಲು ನೋಡಿದರು, ಹಿಂತಿರುಗಿ ಲೋಟ ನೋಡಿದರು. ಎಲ್ಲ ಅರ್ಥವಾಯಿತು ಅವರಿಗೆ.

"ಗೊತ್ತಾಗೋಯ್ತಾ ಮಗಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಎರಡು ವರ್ಸ ಆಯ್ತು. ಹತ್ರ ಕೂತು ಮಾತಾಡಿದ್ರೆ ಬಾಯಿ ನೋಡಿ ತಿಳ್ಕತೀನಿ. ಪೆಟ್ಟಿಗೆ ಮ್ಯಾಲೆ ಗಲ್ಲ ಇಟ್ರೆ ಮೂಳೇಲಿ ಸ್ವರ ಕೇಳುಸ್ತದೆ. ಜನ ಒನ್ಸ್ ಮೋರ್ ಅಂದ್ರೆ ಗುಂಡಯ್ಯ ಮೊಣಕೈಲಿ ತಿವೀತಿದ್ದ. ಈಗ ಅವ್ನೂ ಇಲ್ಲ..." ಮೇಷ್ಟ್ರು ಪಕ್ಕದ ಖಾಲಿ ಜಾಗ ನೋಡಿದರು. "ಕಿವುಡ ಹಾರ್ಮೋನಿಯಂ ನುಡುಸ್ತಾನೆ ಅಂತ ಗೊತ್ತಾದ್ರೆ ನನ್ ಪಾತ್ರಧಾರಿಗಳು ಏನಂದಾರು ಹೇಳು?"

"ತಿಮ್ಮೇಶ್‌ಗೆ..."

"ಬ್ಯಾಡ! ಅವ್ನಿಗೆ ಮಾತ್ರ ಬ್ಯಾಡ ಕಣವ್ವ. ಅಪ್ಪ ದೊಡ್ಡ ಮೇಷ್ಟ್ರು ಅಂತ ನಂಬವ್ನೆ. ನೀನೇ ಏನಾದ್ರೂ ಮಾಡು. ಜನ ಕೂಗಿದ್ರೆ ತಬಲ ತಾನೇ ಶುರು ಆಗ್ಲಿ. ಸ್ಪೀಕರ್ ಪಕ್ಕ ಕಾಲಿಟ್ಕೊಂಡಿರ್ತೀನಿ, ಅದ್ರುತ್ತಲ್ಲ, ಕಾಲಿಗೆ ಗೊತ್ತಾಯ್ತದೆ. ಬೇಡ ಅನ್ಸಿದ್ರೆ ಪೆಡಲ್ ಒತ್ತಿ ನಿಲ್ಲುಸ್ತೀನಿ. ಯಾರ್ಗೂ ಹೇಳಲ್ಲ ಅಂತ ನನ್ ಕೈ ಮ್ಯಾಲೆ ಕೈ ಇಡು."

ಅರವತ್ತೆಂಟು ವರ್ಷದ ಕೈ. ಕೀಲಿಮಣೆ ಒತ್ತಿ ಒತ್ತಿ ಬೆರಳ ತುದಿಗಳು ಚಪ್ಪಟೆಯಾಗಿದ್ದವು.

ಶಶಿರೇಖಾ ಕೈ ಇಟ್ಟಳು.

ಆ ರಾತ್ರಿಯೇ ಆರು ಸಾಲು ಬರೆದಳು. ಅವಳ ಜೀವನದಲ್ಲಿ ಟಿಪ್ಪಣಿ ಇಲ್ಲದೆ ಬರೆದ ಮೊದಲ ಆರು ಸಾಲು.

ಎರಡು ಸಾವಿರದ ಐದು, ಮಾರ್ಚ್. ಕುಣಿಗಲ್ ಪಕ್ಕದ ಒಂದು ಹಳ್ಳಿ.

ರಾತ್ರಿಯೆಲ್ಲ ನಡೆದ ನಾಟಕ ಕೊನೆಯ ಅಂಕಕ್ಕೆ ಬಂದಾಗ ಬೆಳಗಾಗುತ್ತಿತ್ತು. ಪುಟ್ಟರಂಗಯ್ಯನವರ ರಾಜ ಸೋತು ನೆಲಕ್ಕೆ ಕುಸಿದು ಕೊನೆಯ ಹಾಡು ಹಾಡಿದ. ಆ ರಾತ್ರಿ ಮೂರು ಸಲ ಜನ ಒನ್ಸ್ ಮೋರ್ ಕೂಗಿದ್ದರು. ಮೂರು ಸಲವೂ ತಬಲ ತಾನಾಗಿ ಎದ್ದಿತ್ತು. ಮೇಷ್ಟ್ರು ನಗುತ್ತ ನುಡಿಸಿದ್ದರು. ಅವರೇ ಪೆಡಲ್ ಒತ್ತಿದರು ಎಂದು ತಿಮ್ಮೇಶ್ ತಿಳಿದಿದ್ದ.

ಕೊನೆಯ ಹಾಡು ಮುಗಿಯಿತು. ಜನ ಮೌನ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಮೇಷ್ಟ್ರು ಹಾರ್ಮೋನಿಯಂ ಮೇಲೆ ಮುಂದಕ್ಕೆ ಬಾಗಿದರು. ಯಾವಾಗಲೂ ಬಾಗುವ ಹಾಗೆಯೇ... ಆದರೆ ಈ ಸಲ ಏಳಲಿಲ್ಲ. ಪಕ್ಕಕ್ಕೆ ಉರುಳಿದರು.

"ಅಯ್ಯೋ! ಮೇಷ್ಟ್ರು!"

ಮೈದಾನವೆಲ್ಲ ಒಟ್ಟಿಗೆ ಚೀರಿತು. ಒಂದು ಸೆಕೆಂಡ್... ಎರಡು ಸೆಕೆಂಡ್...

ತಬಲ ಶುರುವಾಯಿತು!

ಧಿಂ ಧಿಂ ಎಂದು, ಖುಷಿಖುಷಿಯಾಗಿ. ತಿಮ್ಮೇಶ್ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. "ನಿಲ್ಸು! ಶಶಿ, ನಿಲ್ಸು ಅದನ್ನ!"

ಕಂಪ್ಯೂಟರ್ ಬಳಿಯಿದ್ದ ಅವಳು ನಿಲ್ಲಿಸಿದಳು. ಜನ ಮತ್ತೆ ಚೀರಿದರು. ಯಂತ್ರಕ್ಕೆ ಗೋಳು ಯಾವುದು, ಮೆಚ್ಚುಗೆ ಯಾವುದು? ಮತ್ತೆ ತಬಲ ಎದ್ದಿತು. ಮತ್ತೆ ನಿಲ್ಲಿಸಿದಳು. ಪುಟ್ಟರಂಗಯ್ಯ ಕಿರೀಟ ಎಸೆದು ಗುರುವಿನ ಪಾದ ಹಿಡಿದು "ಮೇಷ್ಟ್ರೇ!" ಎಂದು ಗೋಳಿಟ್ಟರು. ಮೂರನೇ ಸಲ ತಬಲ ಎದ್ದಿತು...

ಶಶಿರೇಖಾ ಎರಡೂ ಕೈಯಲ್ಲಿ ವೈರ್ ಹಿಡಿದು ಕಿತ್ತಳು.

ಹೃದಯ ಮೊದಲೇ ನಿಂತಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದು ಡಾಕ್ಟರ್ ಹೇಳಿದರು. ಡಾಕ್ಟರ ಮಾತು ಯಾರಿಗೆ ಬೇಕಿತ್ತು? 'ಮೇಷ್ಟ್ರು ಪ್ರಾಣ ಬಿಡ್ತಾ ಇದ್ರೆ ಮಿಷನ್ನು ಒನ್ಸ್ ಮೋರ್ ಕೊಡ್ತು' ಎಂಬ ಮಾತು ಮೂರು ತಾಲ್ಲೂಕು ಸುತ್ತಿತು.

ಹನ್ನೊಂದನೇ ದಿನ. ಗುಬ್ಬಿಯ ಮನೆ. ತಿಮ್ಮೇಶ್ ಕಂಪ್ಯೂಟರ್ ಮುಂದೆ ಕೂತಿದ್ದ. ಗಡ್ಡ, ಕೆಂಪು ಕಣ್ಣು.

"ಈ ಆರು ಸಾಲು ಯಾರು ಬರೆದಿದ್ದು?"

"ನಾನೇ."

"ಬೇಡ ಅಂದಿದ್ದೆ. ಅದೊಂದು ಮಾತ್ರ ಬೇಡ ಅಂದಿದ್ದೆ!"

ಅವನು ಪರದೆಯ ಮೇಲಿನ ಆ ಸಾಲುಗಳ ಮೇಲೆ ಬೆರಳಿಟ್ಟ.

"ಯಾರು ಹೇಳಿದ್ರು ಬರೆಯೋಕೆ?"

ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಮೇಷ್ಟ್ರ ಫೋಟೊಗೆ ಹೂವಿನ ಹಾರ. 'ಹೇಳಿಬಿಡಲಾ? ಒಂದೇ ಮಾತು... ಹೇಳಿದರೆ ನಾನು ಉಳೀತೀನಿ. ಅವರು?'

"ಯಾರೂ ಇಲ್ಲ."

"ಎಲ್ಲ ಸಾಲಿಗೂ ಟಿಪ್ಪಣಿ ಬರೆಯೋಳು ನೀನು. ಇದಕ್ಕೆ ಮಾತ್ರ ಯಾಕಿಲ್ಲ? ಯಾಕಂದ್ರೆ ನನ್ನಿಂದ ಮುಚ್ಚಿಡಬೇಕಿತ್ತು! ನಿನ್ನ ಬುದ್ಧಿವಂತಿಕೆ ತೋರಿಸಬೇಕಿತ್ತು. ನನ್ನಪ್ಪ ಸಾಯ್ತಾ ಇದ್ರು ಶಶಿ... ನಿನ್ನ ತಬಲ ಕುಣೀತಾ ಇತ್ತು!"

"ತಿಮ್ಮೇಶ್..."

"ಹೋಗು. ದಯವಿಟ್ಟು ಹೋಗು."

ಅವಳು ಹೋದಳು. ಹೊರಗೆ ಅವಳ ಅಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮಗಳ ಮುಖ ನೋಡದೆ ತಿರುಗಿ ನಡೆದರು.

ಅಂದಿನಿಂದ ಪುಟ್ಟರಂಗಯ್ಯ ಮಗಳ ಜೊತೆ ಒಂದು ಮಾತೂ ಆಡಲಿಲ್ಲ.

ತಿಂಗಳಿಗೊಮ್ಮೆ ಅವಳು ಊರ್ಡಿಗೆರೆಗೆ ಹೋಗುತ್ತಿದ್ದಳು. ಅಪ್ಪ ಹೆಂಡತಿಯ ಕಡೆ ತಿರುಗಿ, "ರಂಗಲಕ್ಷ್ಮೀ, ಬಂದೋರಿಗೆ ಊಟಕ್ಕೆ ಹಾಕು" ಎನ್ನುತ್ತಿದ್ದರು. ಮಗಳಲ್ಲ, ಬಂದೋರು! ಅಮ್ಮ ಅನ್ನ ಬಡಿಸುತ್ತಲೇ ಅಳುತ್ತಿದ್ದಳು. ಶಶಿರೇಖಾ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಒಂದು ವರ್ಷ. ಎರಡು. ಮೂರು.

ಎಷ್ಟೋ ಸಂಜೆ ಅವಳು ಕ್ಯಾತ್ಸಂದ್ರದ ಆ ಕೋಣೆಯಲ್ಲಿ ಹಳೇ ಸ್ಕ್ರಿಪ್ಟು ತೆರೆದು ಆ ಎರಡು ಪದ ನೋಡುತ್ತಿದ್ದಳು. ಬಂದ ಗಂಡುಗಳಿಗೆಲ್ಲ ಬೇಡ ಎಂದಳು. ಕಾರಣ ಕೇಳಿದರೆ ಹೇಳಲಿಲ್ಲ. ಹೇಳದೆ ಇರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಎರಡು ಸಾವಿರದ ಎಂಟು. ಕ್ಯಾತ್ಸಂದ್ರ ರೈಲ್ವೆ ಸ್ಟೇಷನ್ನಿನಲ್ಲಿ ಸಂಜೆಯ ಗಾಡಿ ಹೋದಮೇಲೆ ಪ್ಲಾಟ್‌ಫಾರಂ ಖಾಲಿಯಾಗಿತ್ತು. ಕಲ್ಲುಬೆಂಚಿನ ಮೇಲೆ ಒಬ್ಬ ಕೂತಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು.

ಅವಳ ಕಾಲು ನಿಂತಲ್ಲೇ ನಿಂತಿತು.

"ಶಶಿ..." ತಿಮ್ಮೇಶ್ ಎದ್ದ. "ಐದು ನಿಮಿಷ. ಆಮೇಲೆ ಹೋಗ್ತೀನಿ."

ಅವಳು ಬೆಂಚಿನ ಆ ತುದಿಯಲ್ಲಿ ಕೂತಳು.

"ನಾಟಕದ ಕೆಲಸ ಬಿಟ್ಟೆ. ಗುಬ್ಬೀಲಿ ಆಂಪ್ಲಿಫೈಯರು, ಮಿಕ್ಸಿ ರಿಪೇರಿ ಮಾಡ್ಕೊಂಡಿದೀನಿ. ಹೋದ ತಿಂಗಳು ಪಾತ್ರಧಾರಿಗಳೆಲ್ಲ ಬಂದು, ಅಪ್ಪನ ಹಳೇ ನಾಟಕದ ವಿಸಿಡಿಗಳ ಸೌಂಡ್ ಸರಿ ಮಾಡಿಕೊಡು ಅಂದ್ರು. ಐದು ನಾಟಕ ನೋಡಿದೆ. ಸೌಂಡ್ ಕೇಳೋಕೆ ಕೂತೋನು... ನೋಡೋಕೆ ಶುರು ಮಾಡಿದೆ."

ಅವಳು ಅವನ ಕಡೆ ತಿರುಗಿದಳು.

"ಜನ ಒನ್ಸ್ ಮೋರ್ ಅಂತಾರೆ. ಅಪ್ಪ ಅಲ್ಲಾಡಲ್ಲ. ಗುಂಡಯ್ಯ ಮೊಣಕೈಲಿ ತಿವೀತಾನೆ, ಆಗ ಶುರು ಮಾಡ್ತಾರೆ. ಪ್ರತಿ ಸಲ! ಸಿ.ಎಸ್. ಪುರಕ್ಕೆ ಓಡಿದೆ. ಗುಂಡಯ್ಯ ಅತ್ತುಬಿಟ್ಟ. 'ನನ್ನ ಕೇಳಬ್ಯಾಡ ಕಣ್ಲಾ, ಮಾತು ಕೊಟ್ಟಿವ್ನಿ' ಅಂದ." ಅವನು ಅವಳ ಕಡೆ ತಿರುಗಿದ. "ಒಂದೇ ಪ್ರಶ್ನೆ. ಅಪ್ಪನಿಗೆ ಕಿವಿ ಕೇಳಿಸ್ತಿರಲಿಲ್ವಾ?"

ಹಳಿಗಳಾಚೆ ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು.

"ನನ್ನನ್ನ ಕೇಳಬೇಡಿ," ಎಂದಳು ಶಶಿರೇಖಾ. ಕಣ್ಣೀರು ಕೆನ್ನೆಗಿಳಿದಿತ್ತು.

"ಅಷ್ಟು ಸಾಕು." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಕರೆದ್ರೆ ಓಗೊಡ್ತಿರಲಿಲ್ಲ ಶಶಿ... ಸಿಟ್ಟು ಅಂದ್ಕೊಂಡೆ. ಎರಡು ವರ್ಷ ಒಂದೇ ಮನೇಲಿ ಇದ್ದು ನಾನೂ ಮಾತು ಬಿಟ್ಟೆ. ಅಪ್ಪ ಅಂತ ಹಿಂದಿನಿಂದ ಎಷ್ಟು ಸಲ ಕರೆದಿದೀನಿ! ಅವರಿಗೆ ಕೇಳಿಸಲೇ ಇಲ್ಲ. ಮಗ ಕರೆದದ್ದು ಗೊತ್ತಾಗದೇ ಹೋಗ್ಬಿಟ್ರು..."

ಶಶಿರೇಖಾ ಬೆಂಚಿನ ಆ ತುದಿಯಿಂದ ಈ ತುದಿಗೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ತಪ್ಪನ್ನ ನಿನ್ನ ಮೇಲೆ ಯಾಕೆ ಹೊತ್ಕೊಂಡೆ? ಅವತ್ತು ಹೇಳಬಹುದಿತ್ತಲ್ಲ!"

"ಅವತ್ತು ಹೇಳಿದ್ರೆ ಹನ್ನೊಂದು ದಿನದಲ್ಲಿ ನೀವು ಎರಡನೇ ಸಲ ಅಪ್ಪನ್ನ ಕಳ್ಕೊತಿದ್ರಿ."

ಅವನು ಕಣ್ಣೊರೆಸಿಕೊಂಡ.

"ನನ್ನ ಕ್ಷಮಿಸೋಕೆ ಆಗುತ್ತಾ? ಮೂರು ವರ್ಷದಲ್ಲಿ ಒಂದು ದಿನವೂ ನಿನ್ನ ಮರೀಲಿಲ್ಲ. ಬೈಕೊಂಡೇ ನೆನೆಸ್ಕೊಂಡಿದ್ದೆ."

"ನಾನು... ಬೈಕೊಳ್ಳದೆ ನೆನೆಸ್ಕೊಂಡಿದ್ದೆ," ಎಂದಳು ಅವಳು, ಮೆಲ್ಲಗೆ.

"ನಾಳೆ ಊರ್ಡಿಗೆರೆಗೆ ಹೋಗೋಣ. ನಿಮ್ಮಪ್ಪನಿಗೆ ಎಲ್ಲ ಹೇಳ್ತೀನಿ. ನಿನ್ನ ಜೊತೆ ಮಾತು ಬಿಟ್ಟಿದಾರಂತೆ. ಇನ್ನೊಂದು ದಿನವೂ ಹಾಗಾಗಬಾರದು."

ಬೇಡ ಎನ್ನಬೇಕಿತ್ತು. ಕೊಟ್ಟ ಮಾತಿತ್ತು. ಆದರೆ ಅಪ್ಪ ಒಮ್ಮೆ 'ಶಶೀ' ಎಂದು ಕರೆಯುವುದನ್ನು ನೆನೆದೊಡನೆ ಅವಳ ಗಟ್ಟಿತನವೆಲ್ಲ ಕರಗಿತು. ಅವಳು ತಲೆಯಾಡಿಸಿದಳು.

ಮರುದಿನ ಮಧ್ಯಾಹ್ನ ಪುಟ್ಟರಂಗಯ್ಯ ಜಗಲಿಯ ಮೇಲೆ ಕೂತು ಕೊಬ್ಬರಿ ಸುಲಿಯುತ್ತಿದ್ದರು. ಗುರುವಿನ ಮಗನನ್ನು ಕಂಡು ಧಡಕ್ಕನೆ ಎದ್ದರು. "ಬನ್ನಿ ಬನ್ನಿ! ರಂಗಲಕ್ಷ್ಮೀ, ಚಾಪೆ ತಗಂಬಾ!" ಹಿಂದೆ ನಿಂತ ಮಗಳ ಮೇಲೆ ಅವರ ಕಣ್ಣು ನಿಲ್ಲದೆ ಜಾರಿತು.

ತಿಮ್ಮೇಶ್ ಚಾಪೆಯ ಮೇಲೆ ಕೂತ. "ಯಜಮಾನ್ರೇ, ಶಶಿ ಬಗ್ಗೆ ಮಾತಾಡೋಕೆ ಬಂದೆ. ಅವತ್ತು ಆ ತಬಲ ಶುರು ಆಯ್ತಲ್ಲ... ಅದರ ಹಿಂದೆ ಒಂದು ವಿಷಯ ಇದೆ. ನಮ್ಮಪ್ಪನಿಗೆ..."

"ಮೇಷ್ಟ್ರ ಹೆಸರೆತ್ತಿದ್ರಾ?" ಪುಟ್ಟರಂಗಯ್ಯ ಕೈ ಮುಗಿದರು. ಕಣ್ಣು ಆಗಲೇ ತುಂಬಿತ್ತು. "ನಿಮ್ಗೊಂದು ಮಾತು ಹೇಳ್ಬೇಕು ಅಂತ ಮೂರು ವರ್ಸದಿಂದ ಇಟ್ಕೊಂಡಿವ್ನಿ. ಆ ನಾಟಕಕ್ಕೆ ಒಂದು ವಾರ ಮುಂಚೆ, ಪ್ರಾಕ್ಟೀಸ್ ಮುಗುದ್ಮ್ಯಾಲೆ, ಮೇಷ್ಟ್ರು ನನ್ ಹೆಗಲ ಮ್ಯಾಲೆ ಕೈ ಹಾಕುದ್ರು. ಇಪ್ಪತ್ತೆರಡು ವರ್ಸ ನನ್ನ ಬೈದಿದ್ದೇ ಬೈದಿದ್ದು. ಶ್ರುತಿ ಇಲ್ದೋನು, ಕತ್ತೆ, ಕೋಣ... ಅವತ್ತು ಏನಂದ್ರು ಗೊತ್ತಾ? 'ಪುಟ್ಟರಂಗ, ಇವತ್ತು ನಿನ್ ಶ್ರುತಿ ಸೇರ್ತು ಕಣ್ಲಾ.'"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಇನ್ಯಾರು ಹೇಳಿದ್ರೂ ನಾನು ನಂಬ್ತಿರ್ನಿಲ್ಲ. ಮೇಷ್ಟ್ರ ಕಿವಿ ಸ್ವಾಮಿ ಅದು! ಆ ಕಿವಿ ಒಪ್ತು ಅಂದ್ಮ್ಯಾಲೆ ನನ್ ಜನ್ಮಕ್ಕೆ ಇನ್ನೇನು ಬೇಕು? ತೋಟ, ಹೊಲ ಎಲ್ಲ ಇದ್ದಿದ್ದೇ ಬುಡಿ. ಸಾಯೋವಾಗ ಎದೆ ಮ್ಯಾಲೆ ಇಟ್ಕೊಂಡು ಹೋಗಕ್ಕೆ ಅದೊಂದೇ ಮಾತು ನಂಗಿರೋದು."



ತಿಮ್ಮೇಶನ ಬಾಯಿ ಅರ್ಧ ತೆರೆದಿತ್ತು. ಅವನು ಶಶಿರೇಖಾಳನ್ನು ನೋಡಿದ.

ಅವಳು, ಅಪ್ಪನಿಗೆ ಕಾಣದಷ್ಟು ಸಣ್ಣಗೆ, ತಲೆ ಅಲ್ಲಾಡಿಸಿದಳು. ಬೇಡ.

"ಏನೋ ಹೇಳ್ತಿದ್ರಿ..." ಪುಟ್ಟರಂಗಯ್ಯ ಕೇಳಿದರು. "ಮೇಷ್ಟ್ರಿಗೆ ಏನು?"

ಶಶಿರೇಖಾ ಮುಂದೆ ಬಂದು ಅಪ್ಪನ ಕಾಲ ಬಳಿ ಕೂತಳು.

"ತಪ್ಪು ನಂದೇ ಅಪ್ಪ. ಇವರು ಬೇಡ ಅಂದಿದ್ದನ್ನ ನಾನು ಬರೆದೆ. ಮೇಷ್ಟ್ರಿಗೆ ಅವಮಾನ ಆಯ್ತು. ಮೂರು ವರ್ಷದಲ್ಲಿ ಒಂದು ಸಲವೂ ನಿಮ್ಮ ಕಾಲು ಹಿಡಿದು ಕೇಳಲಿಲ್ಲ. ಈಗ ಕೇಳ್ತಿದೀನಿ... ನನ್ನ ಕ್ಷಮಿಸಿಬಿಡಿ."

ಬಾಗಿಲಲ್ಲಿ ನಿಂತಿದ್ದ ರಂಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪುಟ್ಟರಂಗಯ್ಯ ತಿಮ್ಮೇಶನನ್ನು ನೋಡಿದರು. "ನೀವು ಕ್ಷಮಿಸಿದ್ರಾ ಇವಳ್ನ?"

ತಿಮ್ಮೇಶ್ ಎದ್ದು ನಿಂತು ಕೈ ಮುಗಿದ. "ಮದುವೆ ಮಾಡಿಕೊಡಿ ಅಂತ ಕೇಳೋಕೆ ಬಂದಿದೀನಿ."

ಅಪ್ಪ ಕೊಬ್ಬರಿ ಚಿಪ್ಪನ್ನು ಕೈಯಲ್ಲಿ ತಿರುವಿದರು. ಆಮೇಲೆ ಅದನ್ನು ಕೆಳಗಿಟ್ಟರು.

"ಶಶೀ," ಎಂದರು. "ಹೊತ್ತಾಯ್ತು. ಕೈಕಾಲು ತೊಳ್ಕೊಂಡು ಬನ್ನಿ ಇಬ್ಬರೂವೆ. ಊಟ ಮಾಡನ."

ಹಿತ್ತಲಿನ ತೊಟ್ಟಿಯ ಹತ್ತಿರ ತಿಮ್ಮೇಶ್ ಚೊಂಬಿನಲ್ಲಿ ನೀರು ಮೊಗೆದು ಅವಳ ಕೈಗೆ ಸುರಿದ.

"ನೀನು ಮಾಡದ ತಪ್ಪು ಶಶಿ... ಜನ್ಮವಿಡೀ ಅದು ನಿನ್ನ ಮೇಲೇ ಇರುತ್ತೆ."

"ಇರಲಿ."

"ಊರೋರು ಆಡ್ಕೊತಾರೆ. ನನ್ನ ಕೈಲಿ ಸುಮ್ನಿರೋಕೆ ಆಗುತ್ತೋ ಇಲ್ವೋ!"

"ಆಗುತ್ತೆ. ನನ್ನ ಜೊತೆ ಇದ್ರೆ ಕಲೀತೀರ."

"ನಾಳೆ ನಮ್ಮ ಮಕ್ಕಳು ಕೇಳಿದ್ರೆ? ಅವತ್ತು ಏನಾಯ್ತು ಅಂತ?"

ಅವಳು ಮೂರು ವರ್ಷದಲ್ಲಿ ಮೊದಲ ಬಾರಿ ನಕ್ಕಳು. ನಗುತ್ತಲೇ ಅತ್ತಳು.

"ಅವರಿಗೂ ಬೇಡ," ಎಂದಳು. "ಯಾರಿಗೂ ಬೇಡ."

ತಿಮ್ಮೇಶ್ ಚೊಂಬು ಕೆಳಗಿಟ್ಟು, ಅವಳ ಒದ್ದೆ ಕೈಯನ್ನು ಹಿಡಿದುಕೊಂಡ.

"ಆಯ್ತು. ಯಾರಿಗೂ ಹೇಳಲ್ಲ."

ಒಳಗಿನಿಂದ ಅಪ್ಪ ಮತ್ತೊಮ್ಮೆ ಅವಳನ್ನು ಹೆಸರು ಹಿಡಿದು ಕರೆದರು. ಅವಳು ಕಣ್ಣೊರೆಸಿಕೊಂಡು ಓಗೊಟ್ಟಳು.